ಅಳತೆಗೆ ಮಾಡಿದ ಪೆಟ್ಟಿಗೆ

ಸತ್ತವನು ಮನೆಗೆ ಬಂದ ಮೇಲೆ ಮೊದಲು ಖಾಲಿಯಾದದ್ದು ಸಕ್ಕರೆ. ಆಮೇಲೆ ಟೀಪುಡಿ. ಆಮೇಲೆ ಸೊಸೆಯ ತಾಳ್ಮೆ.

ಗಂಡನನ್ನು ಆಸ್ಪತ್ರೆಯಿಂದ ಕರೆತಂದ ದಿನದಿಂದ ಬಾಗಿಲು ಹಾಕಲು ಆಗಿರಲಿಲ್ಲ. ಚರ್ಚಿನವರು ಬಂದರು, ಬೀದಿಯವರು ಬಂದರು, ಬೀದಿಗೆ ಯಾವ ಸಂಬಂಧವೂ ಇಲ್ಲದವರು ಬಂದರು. ಬಂದವರೆಲ್ಲ ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಎದುರಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತವನನ್ನು ಕಣ್ಣು ತುಂಬ ನೋಡುತ್ತಿದ್ದರು. ಅವನು ಕೆಮ್ಮಿದರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಕತೆ ಹೇಳುವ ಕೆಲಸ ಅತ್ತೆಯ ತಮ್ಮನದು. ಯಾರ ಮನೆಯ ಸುದ್ದಿಯಾದರೂ ಮೊದಲು ಅವನ ಬಾಯಿಂದಲೇ ಹೊರಡಬೇಕಾದ್ದರಿಂದ ಊರೆಲ್ಲ ಅವನನ್ನು ವಾರ್ತೆ ಮಾಮ ಎಂದೇ ಕರೆಯುತ್ತಿತ್ತು.

"ನಾನೇ ಪಕ್ಕದಲ್ಲಿದ್ದೆ. ಮರದ ಡಿಪೋದಲ್ಲಿ ಹಲಗೆ ಎತ್ತಿ ಎತ್ತಿ ಗಾಡಿಗೆ ಇಡ್ತಿದ್ದ. 'ಮಾಮ, ಎದೆ ಹಿಡ್ಕೊಳ್ತಿದೆ' ಅಂದ. ಅಷ್ಟೇ, ಬಿದ್ದ. ಆಸ್ಪತ್ರೆಗೆ ಹೋಗೋಷ್ಟರಲ್ಲಿ ಹೃದಯ ನಿಂತಿತ್ತು. ಡಾಕ್ಟ್ರೇ ಹೇಳಿದ್ರು, ನಿಂತಿದೆ ಅಂತ! ನಿಂತ ಹೃದಯ ಮತ್ತೆ ಹೊಡ್ಕೊಳ್ತು ಅಂದ್ರೆ ಏನರ್ಥ? ಸತ್ತ ಮೇಲೆ ಸ್ವಾಮಿ ಕೂಗಿ ಗವಿಯಿಂದ ಎಬ್ಬಿಸಿದ ಲಾಜರ! ನಮ್ಮನೇಲೇ ಒಬ್ಬ ಲಾಜರ!"

"ಎದೆ ಒತ್ತಿ ಒತ್ತಿ ತಂದ್ರು ಮಾಮ," ಎಂದಳು ಸೊಸೆ, ಟೀ ಲೋಟಗಳ ತಟ್ಟೆ ಇಳಿಸುತ್ತ. "ಆ ನರ್ಸು ಬೆವರು ಸುರಿಸ್ಕೊಂಡು ಒತ್ತಿದ್ದಾಳೆ. ಎರಡು ಪಕ್ಕೆಲುಬು ಮುರಿದಿದೆ ಇವರಿಗೆ."

"ಒತ್ತಿದ ಕೈ ಯಾರ್ದು ಅಂತ ನಾನು ಕೇಳೋದು," ಮಾಮ ಬೆರಳನ್ನು ಚಾವಣಿಯ ಕಡೆ ಎತ್ತಿದ.

"ನರ್ಸಮ್ಮಂದು," ಎಂದ ಕುರ್ಚಿಯಲ್ಲಿದ್ದವನು.

ಜನ ನಕ್ಕರು. ಲಾಜರನೂ ತಮಾಷೆ ಮಾಡುತ್ತಾನೆಂದು ಅವರಿಗೆ ಸಂತೋಷವಾಯಿತು. ಒಬ್ಬ ಅಜ್ಜಿ ಮುಂದಕ್ಕೆ ಬಾಗಿ ಮೆಲ್ಲಗೆ ಕೇಳಿದಳು: "ಅಲ್ಲಿ ಏನು ಕಾಣಿಸ್ತಪ್ಪ? ಬೆಳಕಾ?"

"ಏನೂ ಇಲ್ಲ ಅಜ್ಜಿ. ನಿದ್ದೆಗಾದ್ರೂ ಕನಸಿರುತ್ತೆ. ಅದೂ ಇರಲಿಲ್ಲ."

ಅಜ್ಜಿ ಸಕ್ಕರೆ ಹಾಕದ ಟೀ ಕುಡಿದವಳ ಹಾಗೆ ಮುಖ ಮಾಡಿಕೊಂಡು ಹಿಂದಕ್ಕೊರಗಿದಳು. ಆಗಲೇ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದ ಸೊಸೆಯ ಮಗಳು ಪುಟ್ಟಿ ಬಾಯಿ ಹಾಕಿದಳು. ಭಾನುವಾರದ ಪಾಠದಲ್ಲಿ ಅವಳಿಗೆ ಈ ಕತೆಗಳೆಲ್ಲ ಆಗಿದ್ದವು.

"ಮಾಮಜ್ಜ, ಎದ್ದು ಬಂದ್ಮೇಲೆ ಲಾಜರ ಎಷ್ಟು ವರ್ಷ ಇದ್ದ?"

"ಅದು ಬರೆದಿಲ್ಲ ಪುಟ್ಟಿ."

"ಮತ್ತೆ ಸತ್ತನಾ?"

"ಸತ್ತಿರ್ತಾನೆ. ಎಲ್ಲರೂ ಸಾಯ್ತಾರಲ್ಲ."

"ಹಾಗಾದ್ರೆ ಅವನಿಗೆ ಎರಡು ಪೆಟ್ಟಿಗೆ ಬೇಕಾಗಿರುತ್ತೆ."

ನಕ್ಕದ್ದು ಬಂದವರು ಮಾತ್ರ. ಸೊಸೆ ಅತ್ತೆಯ ಕಡೆ ನೋಡಿದಳು. ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಮಾವ ಎದ್ದು ಕೆಲಸದ ಕೋಣೆಗೆ ಹೋಗಿಬಿಟ್ಟರು.

ಆ ಮನೆಯಲ್ಲಿ ಪೆಟ್ಟಿಗೆ ಎಂದರೆ ಒಂದೇ ಪೆಟ್ಟಿಗೆ. ಬೀದಿಯ ಕಡೆಗೆ ಕೆಲಸದ ಕೋಣೆ, ಹಿಂದೆ ಸಂಸಾರ, ನಡುವೆ ಒಂದು ಬಾಗಿಲು. ಮಾವ ಮತ್ತು ಮಗ ಶವಪೆಟ್ಟಿಗೆ ಮಾಡುತ್ತಿದ್ದರು. ಅತ್ತೆ, ಮದುವೆಯಾಗಿ ಬಂದ ಮೇಲೆ ಸೊಸೆ, ಒಳಗಿನ ಬಿಳಿ ಬಟ್ಟೆಗೆ ನೆರಿಗೆ ಹಿಡಿದು ಹೊಲಿಯುತ್ತಿದ್ದರು. ಮರದ ಹೊಟ್ಟು ಅಡುಗೆಮನೆಯವರೆಗೂ ಬರುತ್ತಿತ್ತು. ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚಿಡದಿದ್ದರೆ ಹಲ್ಲಿಗೆ ಸಿಗುತ್ತಿತ್ತು. ಮಾವನ ಅಪ್ಪನ ಕಾಲದಿಂದಲೂ ಅಲ್ಲಿ ಒಂದು ಕಟ್ಟುಪಾಡು: ಉಸಿರಾಡುವವರ ಅಳತೆ ತೆಗೆಯಬಾರದು. ಕೆಲವು ಮುದುಕರು ತಮ್ಮ ಪೆಟ್ಟಿಗೆಯನ್ನು ತಾವೇ ಮುಂಚೆ ಹೇಳಿ ಮಾಡಿಸಲು ಬರುವುದುಂಟು. "ಅಷ್ಟು ಅವಸರ ಏನಪ್ಪಾ ನಿಮಗೆ? ಹೋಗಿ ಊಟ ಮಾಡಿ ಮಲ್ಕೊಳ್ಳಿ," ಎಂದು ಮಾವ ಅವರನ್ನು ಸಾಗಹಾಕುತ್ತಿದ್ದರು.

ಅಂಥ ಮಾವ ಉಸಿರಾಡುತ್ತಿದ್ದ ಮಗನಿಗೆ ಪೆಟ್ಟಿಗೆ ಮಾಡಿದ್ದರು.

ತಪ್ಪು ಯಾರದೆಂದು ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಹೃದಯ ನಿಂತಿದೆ ಎಂದು ಡಾಕ್ಟರು ಒಳಗೆ ಹೇಳಿದ್ದು ವಾರ್ತೆ ಮಾಮನ ಕಿವಿಗೆ ಬಿತ್ತು. ಅವನು ಬಾಗಿಲಲ್ಲೇ ನಿಂತು ಮನೆಗೆ ಫೋನು ಮಾಡಿ, "ಭಾವ, ಹೋಗ್ಬಿಟ್ಟ," ಎಂದು ಅತ್ತ. ಅತ್ತವನು ಫಾದರಿಗೆ ಹೇಳಲು ಚರ್ಚಿಗೆ ಓಡಿದ, ಅಲ್ಲಿಂದ ಊರಿಗೆಲ್ಲ ಹೇಳುತ್ತ ಹೋದ, ಆಸ್ಪತ್ರೆಗೆ ತಿರುಗಿ ಬರಲಿಲ್ಲ. ಒಳಗೆ ನಿಂತ ಹೃದಯ ಮತ್ತೆ ಬಡಿದುಕೊಳ್ಳಲು ಶುರುವಾದಾಗ ಅಲ್ಲಿದ್ದವಳು, ಬಿದ್ದನೆಂದು ಕೇಳಿ ಓಡಿಬಂದಿದ್ದ ಸೊಸೆ ಒಬ್ಬಳೇ. ಮನೆಗೆ ಆಗಲೇ ಸುದ್ದಿ ಹೋಗಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಗಾಜಿನ ಬಾಗಿಲಿನ ಆಚೆ ಅವನ ಎದೆ ಏರಿಳಿಯುವುದನ್ನು ನೋಡುತ್ತ, ಕಣ್ಣು ತೆಗೆದರೆ ಎಲ್ಲಿ ನಿಲ್ಲುತ್ತದೋ ಎಂದು, ಕತ್ತಲಾಗುವವರೆಗೂ ಕೂತಿದ್ದಳು. ಆಮೇಲೆ ಯಾರದೋ ಫೋನು ಕೇಳಿ ಪಡೆದು ಮನೆಗೆ ಹೇಳಿದಳು. ಆ ಕಡೆ ಅತ್ತೆ ಫೋನು ಹಿಡಿದುಕೊಂಡು ಮಾತೇ ಆಡಲಿಲ್ಲ.

ಬೆಳಿಗ್ಗೆ ಬಟ್ಟೆ ತರಲೆಂದು ಬಂದವಳಿಗೆ ಮೌನದ ಕಾರಣ ಕಂಡಿತು. ಕೆಲಸದ ಕೋಣೆಯ ನಡುವೆ ಅದು ಇತ್ತು. ಒಳ್ಳೆ ಹಲಗೆ, ಪಾಲಿಶು ಇನ್ನೂ ಅಂಟಂಟು. ಒಳಗೆ ಬಿಳಿ ಬಟ್ಟೆಯ ಸಣ್ಣ ಸಣ್ಣ ನೆರಿಗೆ, ತಲೆಗೆ ದಿಂಬು. ಭುಜದ ಹತ್ತಿರ ಅಗಲವಾಗಿ, ಕಾಲಿನ ಕಡೆ ಕಿರಿದಾಗುತ್ತ ಹೋಗಿದ್ದ ಆ ಆಕಾರ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾವ ನೆಲದ ಮೇಲೆ ಕೂತಿದ್ದರು, ತಲೆಯ ತುಂಬ ಮರದ ಹೊಟ್ಟು. ಅತ್ತೆ ಗೋಡೆಗೆ ಒರಗಿದ್ದರು.

"ಮುಚ್ಚಿಡಿ ಅದನ್ನ," ಎಂದಳು ಸೊಸೆ. ಆ ಮನೆಯಲ್ಲಿ ಅವಳು ಹೊರಡಿಸಿದ ಮೊದಲ ಅಪ್ಪಣೆ ಅದು.

ಪೆಟ್ಟಿಗೆ ಹಲಗೆಗಳ ಹಿಂದೆ ಹೋಯಿತು, ಮೇಲೆ ತಾಡಪಾಲು ಬಿತ್ತು. ನಾಳೆ ಒಡೆದುಹಾಕುತ್ತೇನೆ ಎಂದರು ಮಾವ. ಪ್ರತಿ ದಿನವೂ ನಾಳೆ ಎಂದರು. ಸೊಸೆ ಮತ್ತೆ ಕೇಳಲಿಲ್ಲ. ಕೇಳಲಿಲ್ಲವೆಂದರೆ ಮರೆತಳೆಂದಲ್ಲ. ಅತ್ತೆಯ ಜೊತೆ ಈರುಳ್ಳಿ ಹೆಚ್ಚಲು ಕೂತಾಗೆಲ್ಲ ಅವಳ ಕಣ್ಣು ಆ ಬೆರಳುಗಳ ಮೇಲೆ ಹೋಗುತ್ತಿತ್ತು. ನಾನು ಅಲ್ಲಿ ಅವರ ಉಸಿರು ಎಣಿಸುತ್ತಿದ್ದಾಗ ಈ ಬೆರಳು ಇಲ್ಲಿ ನೆರಿಗೆ ಹಿಡಿಯುತ್ತಿತ್ತು ಎಂದು ನೆನಪಾದರೆ ಕೈಯಲ್ಲಿದ್ದ ಚಾಕು ಜೋರಾಗುತ್ತಿತ್ತು.

ದಿನಾ ಸ್ವಲ್ಪ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಗಂಡ ಮೊದಲು ಕೋಣೆಯಿಂದ ಅಡುಗೆಮನೆಗೆ ನಡೆದ, ಆಮೇಲೆ ಅಡುಗೆಮನೆಯಿಂದ ಅಂಗಳಕ್ಕೆ. ಒಂದು ಮಧ್ಯಾಹ್ನ ನಡುಬಾಗಿಲು ದಾಟಿ ಕೆಲಸದ ಕೋಣೆಗೆ ಹೋದ. ಹಲಗೆ ಸರಿಸಿದ ಸದ್ದು ಕೇಳಿ ಸೊಸೆ ಒದ್ದೆ ಕೈಯಲ್ಲೇ ಓಡಿದಳು. ಅಷ್ಟರಲ್ಲಿ ತಾಡಪಾಲು ನೆಲದ ಮೇಲಿತ್ತು.

"ಯಾರ್ದು ಇದು?" ಎಂದ.

ಮಾವ ಹಲಗೆ ನಯ ಮಾಡುತ್ತಿದ್ದ ಉಜ್ಜುಗೊರಡು ಕೆಳಗಿಟ್ಟರು.

"ಅಪ್ಪಾ, ಕೇಳಿದೆ. ಯಾರ್ದು?"

"ಗೊತ್ತಿದ್ದೂ ಯಾಕೆ ಕೇಳ್ತೀಯ?"

"ನಿನ್ನ ಬಾಯಲ್ಲಿ ಕೇಳ್ಬೇಕು ಅಂತ. ಎಷ್ಟು ಹೊತ್ತು ಕಾದೆ? ಫೋನು ಇಟ್ಟ ತಕ್ಷಣ ಹಲಗೆ ಕೈಗೆತ್ಕೊಂಡ್ಯಾ? ಒಂದ್ಸಲ ಬಂದು ಮುಖ ನೋಡೋಣ ಅನ್ನಿಸ್ಲಿಲ್ವಾ?"

"ಏನು ನೋಡ್ಲಿ? ನೋಡೋಕೆ ಕಾಲು ಬರ್ಬೇಕಲ್ಲ. ಕೈ ಒಂದೇ ಬಂದಿದ್ದು ನನಗೆ."

"ಅಳತೆ? ಅಳತೆ ಯಾರು ಕೊಟ್ರು?"

ಮಾವನ ಮುಖ ಕೆಂಪಾಯಿತು. "ನಿನ್ನ ಅಳತೆ ನನಗೆ ಯಾರು ಕೊಡ್ಬೇಕೋ?"

ಗಂಡ ಒಳಗೆ ಬಂದು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವತ್ತಿನಿಂದ ಅವನ ತಟ್ಟೆ ಕೋಣೆಗೆ, ಮಾವನ ತಟ್ಟೆ ಮೇಜಿಗೆ. ಎರಡರ ನಡುವೆ ಓಡಾಡುವುದು ಸೊಸೆಯ ಪಾಲಿಗೆ ಬಂತು. ಮಾವ ಆಲೂಗಡ್ಡೆ ಹೋಳನ್ನು ತಟ್ಟೆಯ ಅಂಚಿಗೆ ಸರಿಸುತ್ತ, "ತಿಂದ್ನಾ?" ಎಂದು ಕೇಳುತ್ತಿದ್ದರು. "ಅರ್ಧ ತಿಂದ್ರು." "ಮೊಟ್ಟೆ?" "ಮುಟ್ಟಿಲ್ಲ." ಮಾವ ತಾವೂ ಮೊಟ್ಟೆ ಬಿಟ್ಟು ಏಳುತ್ತಿದ್ದರು. ಕೊನೆಗೆ ಎರಡೂ ಮೊಟ್ಟೆ ಪುಟ್ಟಿಗೆ ಹೋಗುತ್ತಿದ್ದವು.

"ಇವರಿಬ್ಬರೂ ಹೀಗೇ ಇದ್ರೆ ನಾನು ದಪ್ಪ ಆಗ್ತೀನಿ," ಎಂದಳು ಪುಟ್ಟಿ. ಯಾರೂ ನಗಲಿಲ್ಲ.

ವಾರ ಕಳೆಯಿತು. ಗಂಡನ ಸ್ನೇಹಿತನೊಬ್ಬ ಊರಿನ ಆ ತುದಿಯಲ್ಲಿ ಕುರ್ಚಿ ಮೇಜಿನ ಅಂಗಡಿ ಇಟ್ಟಿದ್ದ. ನೋಡಲು ಬಂದವನು ಹೋಗುವಾಗ, ಭಾರದ ಕೆಲಸ ಬೇಡ, ಬೆತ್ತ ಹೆಣೆಯುವುದು, ಪಾಲಿಶು ಮಾಡುವುದು ಇದೆ, ಅಂಗಡಿಯ ಮೇಲೆ ಎರಡು ಕೋಣೆಯೂ ಇದೆ ಎಂದು ಹೇಳಿಹೋದ.

"ತಿಂಗಳ ಕೊನೆಗೆ ಹೋಗಿಬಿಡೋಣ," ಎಂದ ಗಂಡ.

"ಇವರಿಬ್ಬರನ್ನ ಬಿಟ್ಟಾ?"

"ಅವರು ನನ್ನನ್ನ ಯಾವತ್ತೋ ಕಳಿಸಿಯಾಗಿದೆ. ಪಾಲಿಶು ಮಾಡಿ ಕಳಿಸಿದ್ದಾರೆ."

ಸೊಸೆ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ. ಆದರೆ ಮರುದಿನ ಪಾತ್ರೆ ತೊಳೆದು ಒರಸಿಡುವಾಗ, ಇದು ನನ್ನ ತವರಿಂದ ಬಂದದ್ದು, ಇದು ಅತ್ತೆಯದು ಎಂದು ಕೈ ತಾನೇ ಎರಡು ಸಾಲು ಮಾಡಿತು. ಅತ್ತೆ ಸಾಲುಗಳನ್ನು ನೋಡಿದರು. ನೋಡಿ ಬಚ್ಚಲ ಕಡೆ ಹೋದರು.

ಭಾನುವಾರದ ಶಾಲೆಯಲ್ಲಿ ಮಕ್ಕಳು ಲಾಜರನ ನಾಟಕ ಆಡುವುದೆಂದಾಯಿತು. ಅಪ್ಪನ ಪುಣ್ಯದಿಂದ ಲಾಜರನ ಪಾರ್ಟು ಪುಟ್ಟಿಗೇ ಸಿಕ್ಕಿತು. ಸುತ್ತಿಕೊಳ್ಳಲು ಬಿಳಿ ಪಟ್ಟಿ ಬೇಕು ಎಂದು ಅವಳು ಅಜ್ಜಿಯನ್ನು ಪೀಡಿಸಿದಳು. ಅತ್ತೆ ಮಿಕ್ಕಿದ ಬಟ್ಟೆಯನ್ನು ಉದ್ದುದ್ದ ಹರಿದು, ಮೊಮ್ಮಗಳನ್ನು ಅಡುಗೆಮನೆಯ ನಡುವೆ ನಿಲ್ಲಿಸಿ ಕಾಲಿನಿಂದ ಸುತ್ತುತ್ತ ಬಂದರು.

"ಅಜ್ಜಿ, ಬಿಗಿ ಮಾಡ್ಬೇಡ, ನಾನು ಎದ್ದು ಬರ್ಬೇಕು."

"ಸುಮ್ನೆ ನಿಂತ್ಕೊ. ಸತ್ತೋರು ಮಾತಾಡಲ್ಲ."

"ನಾಟಕದಲ್ಲಿ ನನ್ನನ್ನ ಯಾರು ಸುತ್ತೋದು?"

"ಅವನ ಅಕ್ಕತಂಗಿಯರು. ಮಾರ್ಥ, ಮರಿಯ. ಇನ್ಯಾರು ಸುತ್ತಾರೆ? ಮನೆಯೋರೇ ಸುತ್ಬೇಕು."

ಒಲೆಯ ಮುಂದಿದ್ದ ಸೊಸೆಗೆ ತಡೆಯಲಾಗಲಿಲ್ಲ. "ಚೆನ್ನಾಗಿ ಸುತ್ತಿ ಅತ್ತೆ. ನಿಮಗೆ ಅಭ್ಯಾಸ ಇದೆಯಲ್ಲ."

ಅತ್ತೆಯ ಕೈ ಪುಟ್ಟಿಯ ಸೊಂಟದ ಹತ್ತಿರ ನಿಂತಿತು. ಮಾತು ಆಡಿಯಾಗಿತ್ತು. ಅನ್ನದ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು, ಅದನ್ನು ಇಳಿಸಲೂ ಸೊಸೆಗೆ ಕೈಯೇಳಲಿಲ್ಲ.

"ಪುಟ್ಟಿ, ಹೋಗಿ ಹೊರಗೆ ಆಡ್ಕೋ," ಎಂದರು ಅತ್ತೆ. ಅರ್ಧ ಸುತ್ತಿಸಿಕೊಂಡ ಲಾಜರ ಕುಪ್ಪಳಿಸುತ್ತ ಹೋದ ಮೇಲೆ ಹೇಳಿದರು: "ಹೇಳ್ಬಿಟ್ಟೆಯಲ್ಲ, ಒಳ್ಳೇದಾಯ್ತು. ಬಾಯಿ ಮುಚ್ಕೊಂಡು ನನ್ನ ಕೈನೇ ನೋಡ್ತಾ ಕೂರ್ತಿದ್ದೆ. ಅದಕ್ಕಿಂತ ಇದು ವಾಸಿ. ಈಗ ನೀನೇ ಹೇಳು, ಆ ಹುಡುಗೀರು ಮಾಡಿದ್ದು ತಪ್ಪಾ? ಅಣ್ಣನ್ನ ಸುತ್ತಿ, ಗವಿಯೊಳಗಿಟ್ಟು ಕಲ್ಲು ಮುಚ್ಚಿದ್ರು. ಸ್ವಾಮಿ ಎಬ್ಬಿಸಿದ ಆ ವಿಧವೆ ಮಗನ ಕತೆ ತಗೋ. ಹೆಣ ಊರಬಾಗಿಲು ದಾಟಿತ್ತು, ತಾಯಿ ಹಿಂದೆ ಬರ್ತಿದ್ಲು. ಅವಳೇ ಸ್ನಾನ ಮಾಡ್ಸಿರ್ತಾಳೆ, ಅವಳೇ ತಲೆ ಬಾಚಿರ್ತಾಳೆ. ಬಡವರಿಗೆ ಬಟ್ಟೆ ಹೊಲಿದು ಕೊಡ್ತಿದ್ದ ಆ ತಬಿಥಾನೂ ಅಷ್ಟೇ, ತೊಳೆದು ಮಾಳಿಗೆ ಮೇಲೆ ಮಲಗಿಸಿದ್ರು. ಎದ್ದು ಬಂದೋರೆಲ್ಲ ಮನೆಯೋರು ಕಳಿಸಿಕೊಟ್ಟೋರೇ ಕಣೆ. ಅವರಲ್ಲಿ ಒಬ್ಬರಾದ್ರೂ ಎದ್ದು ಕೂತು ಕೇಳಿದ್ರಾ, ಯಾಕೆ ನನ್ನ ಅಷ್ಟು ಬೇಗ ಸುತ್ತಿದ್ರಿ ಅಂತ?"

"ಕೇಳಿರ್ಬಹುದು ಅತ್ತೆ. ಬರೆದೋರು ಗಂಡಸರು. ಅಡುಗೆಮನೇಲಿ ಆಡಿದ ಮಾತು ಅವರಿಗೆ ಎಲ್ಲಿ ಕೇಳಿಸ್ಬೇಕು?"

ಅತ್ತೆಗೆ ಒಂದು ಕ್ಷಣ ನಗು ಬಂದ ಹಾಗಿತ್ತು. ಅದು ನಗುವಾಗಲಿಲ್ಲ. ಹರಿದ ಪಟ್ಟಿಗಳನ್ನು ಸುರುಳಿ ಸುತ್ತತೊಡಗಿದರು. "ಹೋಗೋದಾದ್ರೆ ದೊಡ್ಡ ಪಾತ್ರೆನೂ ತಗೊಂಡು ಹೋಗು," ಎಂದರು. "ನಮ್ಮಿಬ್ಬರಿಗೆ ಯಾಕೆ ಅಷ್ಟು ದೊಡ್ಡದು?"

ತಿಂಗಳು ಮುಗಿಯುತ್ತ ಬಂದಿತ್ತು. ಬಟ್ಟೆಬರೆ ಒಂದು ಕಡೆ ಸೇರಿಸಿಡು ಎಂದು ಗಂಡ ಹೇಳಿದ್ದ ಮಧ್ಯಾಹ್ನವೇ ಇಸ್ತ್ರಿಯಮ್ಮ ಬಂದಳು.

ಬೀದಿಯ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು. ಅವಳ ಮಗ ಸೈಕಲ್ಲಿನಲ್ಲಿ ಗಂಟು ಹೊತ್ತು ಮನೆಮನೆಗೆ ಕೊಟ್ಟು ಬರುತ್ತಿದ್ದ. ಬಾಗಿಲಿಗೆ ತಲೆ ತಾಗುವಷ್ಟು ಉದ್ದವಿದ್ದದ್ದಕ್ಕೆ ಎಲ್ಲರೂ ಅವನನ್ನು ಏಣಿ ಎನ್ನುತ್ತಿದ್ದರು, ಅವಳೂ ಏಣಿ ಎಂದೇ ಕರೆಯುತ್ತಿದ್ದಳು. ಜ್ವರ ತಲೆಗೇರಿ ಮಲಗಿದ್ದಾನೆಂದು ಬೀದಿಗೆಲ್ಲ ಗೊತ್ತಿತ್ತು. ಬರಿಗಾಲಲ್ಲಿ ಬಂದವಳ ಮುಖ ನೋಡಿದ ಕೂಡಲೇ ಮಾವ ಕಿವಿಯ ಮೇಲಿದ್ದ ಪೆನ್ಸಿಲು ಕೈಗೆ ತೆಗೆದುಕೊಂಡರು. ಅವಳು ಅವರನ್ನು ದಾಟಿ, ನಡುಬಾಗಿಲು ದಾಟಿ, ಗಂಡನ ಕೋಣೆಯ ಹೊಸ್ತಿಲಲ್ಲಿ ನಿಂತಳು.

"ಏಣಿ ಹೋದ," ಎಂದಳು. "ನೀನು ಬಾ. ಬಂದು ಒಂದ್ಸಲ ಕೂಗು."

"ಏನಮ್ಮಾ?"

"ನೀನು ಹೋಗಿ ಬಂದೋನು. ಬೇರೆಯವರ ಮಾತು ಅವನಿಗೆ ಕೇಳಿಸಲ್ಲ, ನನ್ನ ಮಾತೂ ಕೇಳಿಸ್ಲಿಲ್ಲ. ನಿನ್ನ ಮಾತು ಕೇಳಿಸಬಹುದು. ಒಂದೇ ಸಲ."

ಗಂಡ ಸಿಡಿದುಬೀಳುತ್ತಾನೆ ಎಂದುಕೊಂಡಳು ಸೊಸೆ. ಅವನು ಎದ್ದು ಮಂಚದ ಕೆಳಗೆ ಕಾಲಲ್ಲೇ ಚಪ್ಪಲಿ ಹುಡುಕಿದ.

"ಬೇಡ ಮಗಾ," ಎಂದರು ಮಾವ ಹಿಂದಿನಿಂದ. "ಅವಳಿಗೆ ಆಸೆ ತೋರಿಸ್ಬೇಡ. ಆ ಪಾಪ ಹೊತ್ಕೋಬೇಡ."

ಅವನು ತಿರುಗಿ ನೋಡಲಿಲ್ಲ. ಇಸ್ತ್ರಿಯಮ್ಮನ ಹಿಂದೆ ಹೊರಟ. ಅವನ ಹಿಂದೆ ಸೊಸೆ ಹೊರಟಳು.

ಆ ಮನೆ ಒಂದೇ ಕೋಣೆ. ಮಂಚ ಸಾಲದೆಂದು ಹುಡುಗನನ್ನು ಇಸ್ತ್ರಿ ಮಾಡುವ ಉದ್ದನೆಯ ಮೇಜಿನ ಮೇಲೆ ಮಲಗಿಸಿದ್ದರು. ಅದೂ ಸಾಲದೆ ಪಾದಗಳು ಅಂಚಿನಾಚೆ ಚಾಚಿದ್ದವು. ಯಾರು ಯಾರದೋ ಮಡಿಸಿದ ಅಂಗಿಗಳು ಗೋಡೆಯ ಪಕ್ಕ ಅಟ್ಟಿಯಾಗಿದ್ದವು. ಇಸ್ತ್ರಿಪೆಟ್ಟಿಗೆ ತಣ್ಣಗೆ ಮೂಲೆಯಲ್ಲಿತ್ತು.

ಗಂಡ ತಲೆಯ ಹತ್ತಿರ ನಿಂತ. ಆಮೇಲೆ ಬೀದಿಯಲ್ಲಿ ಎದುರು ಸಿಕ್ಕವನನ್ನು ಮಾತಾಡಿಸುವ ಧ್ವನಿಯಲ್ಲಿ, "ಏಣೀ," ಎಂದ.

ಇಸ್ತ್ರಿಯಮ್ಮ ಮಗನ ರೆಪ್ಪೆಗಳನ್ನೇ ನೋಡುತ್ತಿದ್ದಳು.

"ಲೋ ಏಣಿ. ಏಳೋ. ಅಮ್ಮ ಕರೀತಿದ್ದಾರೆ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಗಂಡ ಬಾಗಿ, ಮುಖದ ಹತ್ತಿರ ಮುಖ ತಂದು, ಈ ಸಲ ಜೋರಾಗಿ ಕೂಗಿದ. ಕೂಗು ನಡುವೆಯೇ ಒಡೆಯಿತು. ಮುರಿದ ಪಕ್ಕೆಲುಬನ್ನು ಕೈಯಿಂದ ಒತ್ತಿ ಹಿಡಿದುಕೊಂಡು ಮತ್ತೆ ಕೂಗಿದ. ಸಾಕು ಎನ್ನಲು ಸೊಸೆ ಬಾಯಿ ತೆರೆದಳು. ಅದನ್ನು ಹೇಳಬೇಕಾದವಳು ತಾನಲ್ಲ ಎಂದು ಸುಮ್ಮನಾದಳು.

ಸಾಕೆಂದದ್ದು ಇಸ್ತ್ರಿಯಮ್ಮನೇ. ಅವನ ತೋಳು ಮುಟ್ಟಿ ಹೇಳಿದಳು: "ಆಯ್ತು ಬಿಡಪ್ಪ. ಕೂಗಿದೆಯಲ್ಲ. ಕೇಳಿಸಿದ್ರೆ ಬರ್ತಿದ್ದ. ಕರೆದ್ರೆ ಬರದೇ ಇರೋ ಹುಡುಗ ಅಲ್ಲ ಅವನು."

"ನನ್ನನ್ನ ಯಾರು ಕರೆದ್ರು ಅಂತ ನನಗೇ ಗೊತ್ತಿಲ್ಲಮ್ಮಾ," ಎಂದ ಗಂಡ. "ಗೊತ್ತಿದ್ರೆ ಹೇಳ್ತಿದ್ದೆ. ನಿಮಗೇ ಮೊದಲು ಹೇಳ್ತಿದ್ದೆ. ಒಂದು ಮಾತ್ರ ಗೊತ್ತು. ಅಲ್ಲಿ ನೋವಿರಲಿಲ್ಲ."

ಅವಳು ತಲೆಯಾಡಿಸಿದಳು. ಮಗನ ಪಾದಗಳ ಮೇಲೆ ಹೊದಿಕೆ ಎಳೆದಳು, ಎದೆ ಬರಿದಾಯಿತು. ಎದೆಗೆಳೆದಳು, ಪಾದ ಹೊರಗೆ ಬಂತು. "ನೋಡು. ಹುಟ್ಟಿದಾಗಿಂದ ಇದೇ ಗೋಳು. ಯಾವ ಹೊದಿಕೆಯೂ ಸಾಲ್ಲಿಲ್ಲ ಇವನಿಗೆ. ಪೆಟ್ಟಿಗೆಯಲ್ಲಾದ್ರೂ ಕಾಲು ಮಡಚಿ ಮಲಗಬಾರ್ದು. ಅಳತೆ ಸರಿಯಾಗಿ ತಗೋಪ್ಪ."

ಟೇಪು ತಂದಿರಲಿಲ್ಲ. ಬಟ್ಟೆ ಗಂಟು ಕಟ್ಟುವ ದಾರ ಅಲ್ಲೇ ಇತ್ತು. ತಲೆಯಿಂದ ಹಿಮ್ಮಡಿಗೆ ಹಿಡಿದು ಒಂದು ಗಂಟು, ಭುಜದಿಂದ ಭುಜಕ್ಕೆ ಒಂದು ಗಂಟು. ಎದೆ ನೋವು ಬಂದ ಮೇಲೆ ಅವನು ಮುಟ್ಟಿದ ಮೊದಲ ಕೆಲಸ ಅದು. ಭುಜದ ಗಂಟು ಹಾಕಿದವನು ಒಂದು ಕ್ಷಣ ನಿಂತು, ಅದೇ ದಾರವನ್ನು ತನ್ನ ಭುಜಕ್ಕೆ ಹಿಡಿದು ನೋಡಿಕೊಂಡ. ಸೊಸೆ ಮುಖ ಬೇರೆ ಕಡೆ ತಿರುಗಿಸಿದಳು.

ಮನೆಗೆ ಬಂದವನು ನೇರ ಮಾವನ ಮುಂದೆ ಹೋಗಿ ದಾರ ಚಾಚಿದ. "ಭುಜ ನನ್ನಷ್ಟೇ. ಉದ್ದ ನನಗಿಂತ ಎರಡು ಬೆರಳು ಹೆಚ್ಚು."

ಮಾವ ದಾರ ತೆಗೆದುಕೊಂಡರು. "ಉದ್ದನೆ ಹಲಗೆ ಇಲ್ಲ. ಡಿಪೋ ಬಾಗಿಲು ಹಾಕಿದೆ ಇವತ್ತು. ಎರಡು ತುಂಡು ಜೋಡಿಸಿ..."

"ಜೋಡಿಸಿದ್ದು ನಿಲ್ಲಲ್ಲ, ಬೆಳಿಗ್ಗೆ ಹೊತ್ತಿಗೆ ಅಂಟು ಒಣಗಲ್ಲ. ಅಲ್ಲಿದೆಯಲ್ಲ." ಗಂಡ ಗದ್ದದಿಂದಲೇ ತಾಡಪಾಲಿನ ಕಡೆ ತೋರಿಸಿದ. "ಉದ್ದ ಸಾಲುತ್ತಾ ಅದು?"

ಮಾವ ನೆಲ ನೋಡುತ್ತ ಹೇಳಿದರು: "ಸಾಲುತ್ತೆ. ಕಾಲಿನ ಕಡೆ ಮೂರು ಬೆರಳು ಬಿಟ್ಟಿದ್ದೀನಿ. ನಿನಗೆ ಕಾಲು ಚಾಚಿ ಮಲಗೋ ಅಭ್ಯಾಸ."

ಗಂಡ ಅಲ್ಲಿದ್ದ ಸ್ಟೂಲಿನ ಮೇಲೆ ಕೂತ.

"ಆದ್ರೆ ಅದನ್ನ ಕೊಡಲ್ಲ," ಎಂದರು ಮಾವ. "ನಿನಗೆ ಅಂತ ಮಾಡಿದ್ದನ್ನ ಇನ್ನೊಬ್ಬಳ ಮಗನಿಗೆ ಕೊಡ್ಲಾ? ನಿನ್ನ ಬದಲಿಗೆ ಅವನ್ನ ಕಳಿಸಿದ ಹಾಗಾಗುತ್ತೆ. ನಾಳೆ ಅವಳ ಮುಖ ಹೇಗೆ ನೋಡ್ಲಿ?"

"ಅಪ್ಪಾ. ಅವನು ನನ್ನ ಬದಲಿಗೆ ಹೋಗಿಲ್ಲ. ಜ್ವರ ಬಂದು ಹೋದ. ನಾನು ಅವನ ಬದಲಿಗೆ ಬಂದೂ ಇಲ್ಲ. ನಾನು ಹೋಗಿ ಕೂಗಿದೆ, ಬರ್ಲಿಲ್ಲ ಅವನು. ಅವಳು ಹೊದಿಕೆ ಎಳೆದು ಅಳತೆ ತಗೋ ಅಂದ್ಲು. ಹೆತ್ತೋಳು, ಅವಳೇ ಅಂದ್ಲು." ಅವನು ಮೊಣಕೈಯಿಂದ ಮುಖ ಒರೆಸಿಕೊಂಡ. "ಎಷ್ಟು ಹೊತ್ತು ಕಾದೆ ಅಂತ ಕೇಳೋಕೆ ಅವಳನ್ನ ನನ್ನಿಂದಾಗ್ಲಿಲ್ಲ. ಏಳು. ಆ ಕಡೆ ಹಿಡಿ, ಈಚೆಗೆ ತರೋಣ."

"ನೀನು ಭಾರ ಎತ್ತಬಾರ್ದು."

"ಹಾಗಾದ್ರೆ ನೀನೇ ಎತ್ತು, ನಾನು ನೋಡ್ತೀನಿ. ಏಳಪ್ಪಾ."

ಪೆಟ್ಟಿಗೆ ಬೆಳಕಿಗೆ ಬಂತು. ಮರಕ್ಕೆ ಏನೂ ಆಗಿರಲಿಲ್ಲ. ಒಳಬಟ್ಟೆಗೆ ಮಾತ್ರ ಧೂಳು ಹಿಡಿದಿತ್ತು. "ಅದು ಬೇಡ, ಹೊಸದು ಹಾಕೋಣ," ಎಂದರು ಅತ್ತೆ. ಸೊಸೆ ಹಳೆಯದನ್ನು ಬಿಚ್ಚಲು ಕತ್ತರಿ ಹಿಡಿದು ಕೂತಳು. ಅತ್ತೆಯ ಹೊಲಿಗೆ ಬಿಚ್ಚುವುದೆಂದರೆ ಅರ್ಧ ದಿನದ ಕೆಲಸ. ಬಟ್ಟೆ ಹರಿಯಬಹುದೇ ಹೊರತು ದಾರ ಬರುತ್ತಿರಲಿಲ್ಲ. ಹದಿನೈದು ವರ್ಷದಲ್ಲಿ ಸೊಸೆ ಆ ಗಂಟುಗಳಿಗೆ ಎಷ್ಟು ಬೈಸಿಕೊಂಡು ಕಲಿತಿದ್ದಳೋ. ತಲೆಯ ಕಡೆಯ ಮೂಲೆಯಲ್ಲಿ ಒಂದು ದಾರದ ತುದಿ ಹಿಡಿದು ಎಳೆದಳು. ದಾರ ಬಂತು. ಇನ್ನೂ ಬಂತು. ಒಂದೊಂದೇ ನೆರಿಗೆ ಬಿಡಿಸಿಕೊಳ್ಳುತ್ತ ಒಂದು ಪಕ್ಕದ ಬಟ್ಟೆ ಇಡಿಯಾಗಿ ಅವಳ ಮಡಿಲಿಗೆ ಬಿತ್ತು. ಕತ್ತರಿ ಬಳಸುವ ಅಗತ್ಯವೇ ಬೀಳಲಿಲ್ಲ.

"ಕಚ್ಚಾ ಹೊಲಿಗೆ ಅತ್ತೆ ಇದು."

"ಹೂಂ."

"ಪೂರ್ತಿ?"

"ಪೂರ್ತಿ." ಅತ್ತೆ ಹೊಸ ಬಟ್ಟೆಯನ್ನು ಮೊಣಕಾಲ ಮೇಲೆ ಹರಡಿಕೊಳ್ಳುತ್ತಿದ್ದರು. "ಅವತ್ತು ನಿಮ್ಮಾವ ಬಟ್ಟೆ ತಂದು ಮಡಿಲಿಗೆ ಹಾಕಿ ಹೋದ್ರು. ನನ್ನ ಮಗನಿಗೆ ಬೇರೆಯವರ ಕೈಲಿ ಹೊಲಿಸ್ಲಾ? ಸೂಜಿ ಹಿಡಿದೆ, ನೆರಿಗೆನೂ ಹಿಡಿದೆ. ದಾರ ಮುಗಿದಾಗ ಗಂಟು ಹಾಕೋಕೆ ಮಾತ್ರ ಕೈ ಬರ್ಲಿಲ್ಲ. ಆಮೇಲೆ ಹಾಕ್ತೀನಿ, ಆಮೇಲೆ ಹಾಕ್ತೀನಿ ಅಂತ ಹಾಗೇ ಮುಂದಕ್ಕೆ ಹೋದೆ."

"ನೀವು ನಂಬಿರ್ಲಿಲ್ವಾ ಹಾಗಾದ್ರೆ?"

"ನಂಬಿದ್ದೆ ಕಣೆ. ಅವನು ಸತ್ತ ಅಂತಲೇ ನಂಬಿದ್ದೆ. ಕೈ ನಂಬಲಿಲ್ಲ."

"ಇಷ್ಟು ದಿನ ಹೇಳೋಕೆ ಏನಾಗಿತ್ತು? ಅಷ್ಟು ಮಾತು ಅನ್ನಿಸ್ಕೊಂಡ್ರಲ್ಲ ನನ್ನ ಹತ್ರ."

"ಏನಂತ ಹೇಳ್ಲಿ? ಹೊಲಿದೆ, ಆದ್ರೆ ಸಡಿಲ ಹೊಲಿದೆ ಅಂತಾನಾ? ಹೊಲಿದದ್ದು ಹೊಲಿದದ್ದೇ." ಅತ್ತೆ ಸೂಜಿಯನ್ನು ಬೆಳಕಿಗೆ ಹಿಡಿದರು. "ದಾರ ಪೋಣಿಸಿ ಕೊಡು, ಕಣ್ಣು ಕಾಣ್ತಿಲ್ಲ."

ಸೊಸೆ ಪೋಣಿಸಿ ಕೊಟ್ಟಳು. ತನ್ನದಕ್ಕೂ ಪೋಣಿಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆ ಹೇಳಿದಳು: "ಆಸ್ಪತ್ರೇಲಿ ಇವರ ಅಂಗಿ ನನ್ನ ಕೈಗೆ ಕೊಟ್ರು. ಬಟನ್ ಎಲ್ಲ ಹಾಕಿ, ಇನ್ನು ಬೇಡದ ಬಟ್ಟೆ ಹಾಗೆ ಮಡಿಸಿಟ್ಟೆ ಅತ್ತೆ. ನಾಳೆ ಹಾಕ್ಕೊಳ್ಳೋರ ಅಂಗಿ ಹಾಗೆ ಮಡಿಸಲ್ಲ."

ಅತ್ತೆ ಹೊಲಿಗೆ ನಿಲ್ಲಿಸದೆ, ಎಡಗೈಯಿಂದ ಸೊಸೆಯ ಮೊಣಕಾಲನ್ನು ಒಂದು ಸಲ ಒತ್ತಿದರು. ಒಬ್ಬರು ತಲೆಯ ಕಡೆಯಿಂದ, ಒಬ್ಬರು ಕಾಲಿನ ಕಡೆಯಿಂದ ಹೊಲಿದುಕೊಂಡು ಬಂದರು. ಏಣಿಗೆ ಹೊಲಿದದ್ದು ಗಟ್ಟಿ ಹೊಲಿಗೆ. ಪ್ರತಿ ದಾರದ ಕೊನೆಗೂ ಎರಡೆರಡು ಗಂಟು ಹಾಕಿದರು.

ಮರುದಿನ ಮಣ್ಣಾಯಿತು. ಭಾರ ಎತ್ತಬಾರದೆಂದು ಹೇಳಿಸಿಕೊಂಡವನು ಎತ್ತಲಿಲ್ಲ. ಒಂದು ಕೈಯನ್ನು ಮರದ ಮೇಲೆ ಇಟ್ಟುಕೊಂಡು ಕೊನೆಯವರೆಗೂ ಪಕ್ಕದಲ್ಲೇ ನಡೆದ. ಪಾದ ಮಡಚದೆ ಮಲಗಿದ್ದ ಮಗನನ್ನು ಇಸ್ತ್ರಿಯಮ್ಮ ಕಣ್ಣಾರೆ ನೋಡಿ, ಆಮೇಲೆ ಮುಚ್ಚಳ ಹಾಕಲು ಬಿಟ್ಟಳು. ಅತ್ತೆ ಅವಳನ್ನು ತಮ್ಮ ಮನೆಗೆ ಕರೆತಂದು ಮೇಜಿನ ಮುಂದೆ ಕೂರಿಸಿದರು. "ಯಾಯೀರನ ಮಗಳನ್ನ ಎಬ್ಬಿಸಿದ ಮೇಲೆ ಸ್ವಾಮಿ ಮೊದಲು ಹೇಳಿದ್ದೇನು ಗೊತ್ತಾ? ಮಗುಗೆ ತಿನ್ನೋಕೆ ಏನಾದ್ರೂ ಕೊಡಿ ಅಂತ. ಎದ್ದೋರಿಗೇ ಅಷ್ಟು ಹಸಿವಾದ್ರೆ, ಉಳಿದೋರಿಗೆ ಆಗಲ್ವಾ? ತಿನ್ನು," ಎಂದು ಗಂಜಿಯ ಬಟ್ಟಲು ಮುಂದಿಟ್ಟರು. ಅವಳು ತಿಂದಳು. ಅವಳೆದುರು ಮಾವ ತಿಂದರು. ಮಾವನ ಪಕ್ಕದಲ್ಲಿ, ಯಾರೂ ಕರೆಯದೆ ಬಂದು, ಗಂಡ ಕೂತು ತಿಂದ. ಪುಟ್ಟಿ ಎಲ್ಲರ ತಟ್ಟೆ ನೋಡಿ, "ನನಗೆ ಮೊಟ್ಟೆ ಇಲ್ವಾ ಇವತ್ತು?" ಎಂದಳು.

ತಿಂಗಳ ಕೊನೆಯ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿದ್ದಾಗ ಕೆಲಸದ ಕೋಣೆಯಿಂದ ಗದ್ದಲ ಎದ್ದಿತು.

"ಸ್ಕ್ರೂ ಹಾಕು ಅಂದ್ರೆ ಮೊಳೆ ಹೊಡೀತೀಯಲ್ಲೋ ಇಲ್ಲಿ!"

"ಮೊಳೆ ಸಾಕು ಅದಕ್ಕೆ. ಯಾರು ಎದ್ದು ಬಂದು ಅಲ್ಲಾಡಿಸಿ ನೋಡ್ತಾರೆ?"

"ನೀನೇ ಬಂದೆಯಲ್ಲ!"

"ಬಂದಿದ್ದಕ್ಕೇ ಹೇಳ್ತಿರೋದು, ಮೊಳೆ ಸಾಕು! ಆ ಸುತ್ತಿಗೆ ಕೊಡು ಈಕಡೆ."

"ಕೊಡಲ್ಲ. ನನ್ನ ಸುತ್ತಿಗೆ!"

"ಡಾಕ್ಟ್ರು ಕೂಗಾಡಬಾರ್ದು ಅಂದಿದ್ರಲ್ಲೇ," ಎಂದು ಅತ್ತೆ ಏಳಲು ಹೋದರು. ಸೊಸೆ ಅವರ ತೋಳು ಹಿಡಿದು ಕೂರಿಸಿದಳು. ಇಬ್ಬರೂ ಕೈಯಲ್ಲಿದ್ದದ್ದನ್ನು ಬಿಟ್ಟು ಕೇಳಿಸಿಕೊಂಡು ಕೂತರು. ಎಷ್ಟೋ ವಾರಗಳಿಂದ ಆ ಕೋಣೆಯಿಂದ ಉಜ್ಜುಗೊರಡಿನ ಸದ್ದೊಂದೇ ಬರುತ್ತಿತ್ತು.

ಹಿಂದಿನ ಬಾಗಿಲು ಬಡಿದ ಸದ್ದಾಯಿತು. ಸೊಸೆ ಕೈ ಒರೆಸಿಕೊಳ್ಳುತ್ತ ಹೋಗಿ ತೆರೆದಳು. ಕುರ್ಚಿ ಅಂಗಡಿಯವನು ನಿಂತಿದ್ದ, ಕೈಯಲ್ಲಿ ಬೀಗದ ಕೈ ಗೊಂಚಲು.

"ಕೋಣೆ ತೊಳೆಸಿಟ್ಟಿದ್ದೀನಿ ಅತ್ತಿಗೆ. ಸಾಮಾನು ಯಾವಾಗ ತರ್ತೀರ ಅಂತ ಕೇಳೋಣ ಅಂತ ಬಂದೆ. ಅವನೆಲ್ಲಿ?"

"ಕೆಲಸದಲ್ಲಿದ್ದಾರೆ," ಎಂದಳು ಸೊಸೆ. ಬಾಗಿಲನ್ನು ಇನ್ನಷ್ಟು ಅಗಲ ತೆರೆದಳು. "ನೀವೇ ಕೇಳಿಸ್ಕೊಳ್ಳಿ."